ರಾಜಸೇವೆಯಲ್ಲಿದ್ದ ಸಂತ: ಥಾಮಸ್ ಮೋರರ ಜೀವನ

ಸಂತರ ಚರಿತ್ರೆಗಳನ್ನು ಓದುವಾಗ, ಅಥವಾ ಪ್ರವಚನದಲ್ಲಿ ಕೇಳುವಾಗ, ಇವೆಲ್ಲ ಮಠಗಳಲ್ಲಿ ಬಾಳಿದವರ ವಿಷಯ, ಹೆಂಡತಿ ಮಕ್ಕಳನ್ನು ಸಾಕುತ್ತ ಕಚೇರಿಗೆ ಹೋಗಿಬರುವ ನಮಗೆ ಎಟುಕುವಂಥದಲ್ಲ ಎಂಬ ಭಾವನೆ ನಮ್ಮ ಅನೇಕ ಭಕ್ತಾದಿಗಳಲ್ಲಿ ಮೂಡುವುದುಂಟು. ಇದನ್ನು ನಾನು ತಪ್ಪೆಂದು ಹೇಳಲಾರೆ. ನಮ್ಮ ದೇವಾಲಯಗಳ ಪೀಠಗಳ ಮೇಲೆ ನಿಂತಿರುವ ಪ್ರತಿಮೆಗಳಲ್ಲಿ ಹೆಚ್ಚಿನವು ಸನ್ಯಾಸಿಗಳವು, ಕನ್ಯೆಯರವು, ಧರ್ಮಾಧ್ಯಕ್ಷರವು. ಆದರೆ ಈ ನೂರು ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರವನ್ನು ಎತ್ತಿ ಹಿಡಿದವರಲ್ಲಿ ಶಾಲಾ ಉಪಾಧ್ಯಾಯರು, ಗುಮಾಸ್ತರು, ರೈಲ್ವೆ ನೌಕರರು, ಪೊಲೀಸಿನವರು, ಪಂಚಾಯಿತಿ ಸದಸ್ಯರು ಎಷ್ಟೊಂದು ಮಂದಿ! ಇಂಥವರು ಗುರುಮನೆಯ ಜಗಲಿಯಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಮೇಲಿನವರು ಮುಂದಿಟ್ಟ ಕಾಗದಕ್ಕೆ ರುಜು ಹಾಕಬಹುದೋ, ಹಾಕಬಾರದೋ? ಹಾಕದಿದ್ದರೆ ಸಂಸಾರದ ಗತಿಯೇನು? ಸುಮಾರು ಐದು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ಒಬ್ಬ ಸಂಸಾರಸ್ಥರ, ವಕೀಲರ, ಸರ್ಕಾರಿ ಅಧಿಕಾರಿಯ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಬರೆಯುವುದು ಉಚಿತವೆಂದು ನನಗೆ ತೋರಿತು.

ಥಾಮಸ್ ಮೋರರು 1478ರ ಫೆಬ್ರವರಿಯಲ್ಲಿ ಲಂಡನ್ ನಗರದ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಜನಿಸಿದರು. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಸಂತ ಅಂತೋನಿಯವರ ಹೆಸರಿನ ಶಾಲೆಯಲ್ಲಿ ಲತೀನ್ ಕಲಿತ ಬಾಲಕನನ್ನು ಆ ಕಾಲದ ವಾಡಿಕೆಯಂತೆ ದೊಡ್ಡವರ ಮನೆಯಲ್ಲಿ ಊಳಿಗಕ್ಕೆ ಬಿಟ್ಟರು. ಆ ಮನೆ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರೂ ರಾಜ್ಯದ ಲಾರ್ಡ್ ಚಾನ್ಸಲರೂ ಆಗಿದ್ದ ಜಾನ್ ಮಾರ್ಟನ್ ಅವರದು. ಕ್ರಿಸ್ತಜಯಂತಿಯ ನಾಟಕಗಳು ನಡೆಯುವಾಗ ಈ ಹುಡುಗ ನಡುವೆ ನುಗ್ಗಿ, ಅಲ್ಲೇ ಒಂದು ಪಾತ್ರವನ್ನು ಹುಟ್ಟಿಸಿಕೊಂಡು ಆಡಿ ಎಲ್ಲರನ್ನೂ ನಗಿಸುತ್ತಿದ್ದನಂತೆ. ಮಾರ್ಟನ್ ಅವರೇ ಆತನನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಎರಡು ವರ್ಷಗಳಲ್ಲೇ ತಂದೆಯವರು ಮಗನನ್ನು ಕಾನೂನಿನ ಕಡೆಗೆ ತಿರುಗಿಸಿ, 1496ರಲ್ಲಿ ಲಿಂಕನ್ಸ್ ಇನ್ ಎಂಬ ವಕೀಲರ ವಿದ್ಯಾಸಂಸ್ಥೆಗೆ ಸೇರಿಸಿದರು.

ವಕೀಲವೃತ್ತಿಯ ಆರಂಭದಲ್ಲಿ ಅವರು ಸುಮಾರು ನಾಲ್ಕು ವರ್ಷ ಕಾರ್ತೂಸಿಯನ್ ಸನ್ಯಾಸಿಗಳ ಮಠದ ನೆರಳಿನಲ್ಲಿ, ವ್ರತ ತೊಡದೆ, ಅವರ ಪ್ರಾರ್ಥನೆ ಉಪವಾಸಗಳಲ್ಲಿ ಭಾಗಿಯಾಗಿ ಬಾಳಿದರು. ಸನ್ಯಾಸವೋ ಸಂಸಾರವೋ ಎಂಬ ತೂಗಾಟ ಬಹುಕಾಲ ನಡೆಯಿತು. ಕೊನೆಗೆ ಸಂಸಾರವನ್ನೇ ಆರಿಸಿಕೊಂಡರು. ಮಠದಿಂದ ಅವರು ತಮ್ಮೊಡನೆ ತಂದದ್ದು ಒರಟು ರೋಮದ ಒಳ ಅಂಗಿಯನ್ನು. ರಾಜಸಭೆಯ ರೇಷ್ಮೆ, ಬಂಗಾರದ ಸರಪಳಿಗಳ ಕೆಳಗೆ ಜೀವನಪರ್ಯಂತ ಅದನ್ನು ಧರಿಸುತ್ತಿದ್ದರು. ಅದನ್ನು ಗುಟ್ಟಾಗಿ ಒಗೆದುಕೊಡುತ್ತಿದ್ದವಳು ಹಿರಿಯ ಮಗಳು ಮಾರ್ಗರೆಟ್.

1504ರಲ್ಲಿ ಅವರು ಪಾರ್ಲಿಮೆಂಟಿನ ಸದಸ್ಯರಾದರು. ಅರಸ ಏಳನೆಯ ಹೆನ್ರಿ ಪ್ರಜೆಗಳಿಂದ ಭಾರಿ ಮೊತ್ತದ ಧನವನ್ನು ಕೇಳಿದಾಗ, ಇನ್ನೂ ಮೂವತ್ತು ತುಂಬದ ಈ ತರುಣ ಎದ್ದು ನಿಂತು ವಿರೋಧಿಸಿದ್ದರಿಂದ ಬೇಡಿಕೆ ಕುಗ್ಗಿತೆಂದು ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾರೆ. ಅರಸನ ಸಿಟ್ಟು ತಿರುಗಿದ್ದು ಮಗನ ಮೇಲಲ್ಲ. ಮಗನಿಂದ ಕಿತ್ತುಕೊಳ್ಳಲು ಏನೂ ಇರಲಿಲ್ಲ. ಏನೋ ನೆವ ತೆಗೆದು ತಂದೆಯನ್ನು ಸೆರೆಯಲ್ಲಿಟ್ಟು ನೂರು ಪೌಂಡು ದಂಡ ತೆಗೆದುಕೊಂಡರಂತೆ. ನಾವು ಆಡಿದ ನ್ಯಾಯದ ಮಾತಿಗೆ ನಮ್ಮ ಮನೆಯವರು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮೋರರು ಇಷ್ಟು ಮೊದಲೇ ಕಂಡುಕೊಂಡಿದ್ದರು.

1505ರಲ್ಲಿ ಜೇನ್ ಕೋಲ್ಟ್ ಎಂಬಾಕೆಯನ್ನು ವಿವಾಹವಾದರು. ಮೂವರು ಹೆಣ್ಣುಮಕ್ಕಳು, ಒಬ್ಬ ಗಂಡುಮಗ. 1511ರಲ್ಲಿ ಜೇನ್ ತೀರಿಕೊಂಡಾಗ, ಎಳೆಯ ಮಕ್ಕಳಿಗೆ ತಾಯಿ ಬೇಕೆಂದು ಬೇಗನೆ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಲತೀನ್, ಗ್ರೀಕ್ ಕಲಿಸಿದ್ದು ಅಂದಿನ ಯೂರೋಪಿನಲ್ಲಿ ದೊಡ್ಡ ಸುದ್ದಿಯಾಗಿತ್ತು. 1516ರಲ್ಲಿ ಅವರು ಲತೀನಿನಲ್ಲಿ ಪ್ರಕಟಿಸಿದ ಯುಟೋಪಿಯ ಎಂಬ ಗ್ರಂಥವನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಅವರ ಕಚೇರಿಯ ಜೀವನ.

1510ರಿಂದ 1518ರವರೆಗೆ ಅವರು ಲಂಡನ್ ನಗರದ ಅಂಡರ್ ಷೆರಿಫ್, ಎಂದರೆ ನಗರದ ಒಂದು ನ್ಯಾಯಾಲಯದ ಅಧಿಕಾರಿ. ಕಕ್ಷಿಗಾರರು ಕೊಡಬೇಕಾಗಿದ್ದ ಶುಲ್ಕವನ್ನು ಅನೇಕ ಸಲ ಬಿಟ್ಟುಕೊಡುತ್ತಿದ್ದರು. ನಗರದ ಜನ ಅವರನ್ನು ಪ್ರೀತಿಸತೊಡಗಿದ್ದು ಆಗಲೇ. ಬಳಿಕ ಎಂಟನೆಯ ಹೆನ್ರಿ ಅವರನ್ನು ತನ್ನ ಮಂತ್ರಾಲೋಚನಾ ಸಭೆಗೆ ಎಳೆದುಕೊಂಡನು. 1521ರಲ್ಲಿ ಖಜಾನೆಯ ಉಪಾಧಿಕಾರಿ, 1523ರಲ್ಲಿ ಕಾಮನ್ಸ್ ಸಭೆಯ ಅಧ್ಯಕ್ಷ. ಆ ಅಧ್ಯಕ್ಷ ಪೀಠದಿಂದ ಅವರು ಮಾಡಿದ ಮೊದಲ ಕೆಲಸ, ಸದಸ್ಯರು ಸಭೆಯಲ್ಲಿ ತಮಗೆ ಸರಿಕಂಡದ್ದನ್ನು ನಿರ್ಭಯವಾಗಿ ಆಡಿದರೆ ಅವರಿಗೆ ಶಿಕ್ಷೆಯಾಗಬಾರದೆಂದು ಅರಸನನ್ನು ಬೇಡಿಕೊಂಡದ್ದು. ತಂದೆ ತೆತ್ತ ನೂರು ಪೌಂಡು ಅವರಿಗೆ ನೆನಪಿದ್ದಿರಬೇಕು.

ಅರಸನು ಮುನ್ಸೂಚನೆಯಿಲ್ಲದೆ ಥೇಮ್ಸ್ ನದಿಯ ದಂಡೆಯ ಚೆಲ್ಸಿಯಲ್ಲಿದ್ದ ಅವರ ಮನೆಗೆ ಊಟಕ್ಕೆ ಬಂದು, ತೋಟದಲ್ಲಿ ಅವರ ಹೆಗಲ ಮೇಲೆ ತೋಳು ಹಾಕಿಕೊಂಡು ಅಡ್ಡಾಡುತ್ತಿದ್ದನು. ನೋಡಿದ ಅಳಿಯನಿಗೆ ಹಿಗ್ಗೋ ಹಿಗ್ಗು. ಮಾವನಿಗೆ ಮಾತ್ರ ಆ ಸ್ನೇಹ ಎಷ್ಟು ದೂರದವರೆಗೆ ಬರುವುದೆಂಬ ವಿಷಯದಲ್ಲಿ ಭ್ರಮೆ ಇರಲಿಲ್ಲ.

1529ರ ಶರತ್ಕಾಲದಲ್ಲಿ ಅವರು ಅರಸನ ಬಳಿ ಇದ್ದಾಗ ಚೆಲ್ಸಿಯಿಂದ ಸುದ್ದಿ ಬಂತು: ಬೆಂಕಿ ಬಿದ್ದು ಧಾನ್ಯ ತುಂಬಿದ ಕಣಜಗಳು ಸುಟ್ಟುಹೋದವು, ನೆರೆಯವರ ಕಣಜಗಳಿಗೂ ಬೆಂಕಿ ಹಬ್ಬಿತು. ಮೋರರು ಹೆಂಡತಿಗೆ ಕಾಗದ ಬರೆದು, ಮೊದಲು ಮನೆಯವರೆಲ್ಲ ದೇವಾಲಯಕ್ಕೆ ಹೋಗಿ, ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಉಳಿಸಿದ್ದಕ್ಕೂ ದೇವರಿಗೆ ವಂದನೆ ಸಲ್ಲಿಸಬೇಕೆಂದರು. ತಮ್ಮ ಮನೆಯಿಂದ ಹಬ್ಬಿದ ಬೆಂಕಿಯಿಂದ ಯಾವ ಬಡ ನೆರೆಯವನಿಗೆ ಎಷ್ಟು ನಷ್ಟವಾಯಿತೆಂದು ವಿಚಾರಿಸಿ ಅದನ್ನು ತುಂಬಿಕೊಡಬೇಕು, ಅದರಿಂದ ಮನೆ ಬರಿದಾದರೂ ಚಿಂತೆಯಿಲ್ಲ ಎಂದು ತಿಳಿಸಿದರು. ಆಳುಗಳನ್ನು ಕಡಿಮೆ ಮಾಡಬೇಕಾದರೂ ಬೇರೆ ಕಡೆ ನೆಲೆ ಸಿಗುವ ಮುನ್ನ ಯಾರನ್ನೂ ಹೊರಗೆ ಕಳುಹಿಸಕೂಡದೆಂದೂ ಬರೆದರು. ಇದು ನಡೆದ ಕೆಲವೇ ವಾರಗಳಲ್ಲಿ, 1529ರ ಅಕ್ಟೋಬರ್ 25ರಂದು, ಪದಚ್ಯುತರಾದ ಕಾರ್ಡಿನಲ್ ವುಲ್ಸಿಯವರ ಸ್ಥಾನದಲ್ಲಿ ಅವರು ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದರು. ಅರಸನನ್ನು ಬಿಟ್ಟರೆ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಅಧಿಕಾರವಿರಲಿಲ್ಲ.

ಚಾನ್ಸಲರರ ನ್ಯಾಯಾಲಯದ ಕೆಲಸವನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಸಾಮಾನ್ಯ ನ್ಯಾಯಾಲಯಗಳು ಕಾನೂನಿನ ಅಕ್ಷರಕ್ಕೆ ಅಂಟಿಕೊಂಡು ತೀರ್ಪು ಕೊಡುತ್ತಿದ್ದವು. ಅಕ್ಷರ ಸರಿಯಿದ್ದೂ ಅನ್ಯಾಯವಾದಾಗ, ನೊಂದವನು ಚಾನ್ಸಲರರಿಗೆ ಅರ್ಜಿ ಹಾಕುತ್ತಿದ್ದನು. ಅವರು ಧರ್ಮಬುದ್ಧಿಯಿಂದ ವಿಚಾರಿಸಿ ತಡೆಯಾಜ್ಞೆ ಕೊಡಬಹುದಾಗಿತ್ತು. ಮೋರರು ಮಧ್ಯಾಹ್ನದ ಹೊತ್ತು ತಮ್ಮ ಮನೆಯ ಹಜಾರದಲ್ಲೇ ಕುಳಿತಿರುತ್ತಿದ್ದರು. ಯಾರು ಬೇಕಾದರೂ ಬಂದು ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಪ್ರತಿ ಅರ್ಜಿಯನ್ನೂ ತಾವೇ ಓದಿ, ಹುರುಳಿದ್ದರೆ ಮಾತ್ರ ರುಜು ಹಾಕಿ ಎದುರು ಪಕ್ಷವನ್ನು ಕರೆಸುತ್ತಿದ್ದರು. ಇದರಿಂದ ಮನೆಯವರಿಗೆ ಬೇಸರ. ವುಲ್ಸಿಯವರ ಕಾಲದಲ್ಲಿ ಬಾಗಿಲು ಕಾಯುವವರೂ ಸಂಪಾದಿಸಿದ್ದರು. ಈಗ ಬಾಗಿಲು ತೆರೆದೇ ಇರುವುದರಿಂದ ತಮಗೇನೂ ಗಿಟ್ಟುತ್ತಿಲ್ಲವೆಂದು ಅಳಿಯಂದಿರಲ್ಲೊಬ್ಬರಾದ ಡಾನ್ಸಿ ಅರ್ಧ ತಮಾಷೆಯಾಗಿ ಗೊಣಗಿದರಂತೆ. ಇನ್ನೊಬ್ಬ ಅಳಿಯ ಹೆರನ್, ಮಾವನೇ ನ್ಯಾಯಾಧೀಶನಾಗಿರುವಾಗ ಏತಕ್ಕೆ ಹೆದರಿಕೆ ಎಂದು ಒಂದು ದಾವೆಯಲ್ಲಿ ಪಟ್ಟು ಹಿಡಿದು ಕುಳಿತರು. ತೀರ್ಪು ಅವರ ವಿರುದ್ಧವೇ ಬಂತು.

ಮೋರರ ತಡೆಯಾಜ್ಞೆಗಳಿಂದ ತಮ್ಮ ಗೌರವಕ್ಕೆ ಕುಂದು ಬರುತ್ತಿದೆ ಎಂದು ಬೇರೆ ನ್ಯಾಯಾಧೀಶರು ದೂರುತ್ತಿದ್ದರು. ಮೋರರು ಕೊಟ್ಟ ಆಜ್ಞೆಗಳ ಪಟ್ಟಿಯನ್ನೆಲ್ಲ ಸಿದ್ಧಪಡಿಸಿ, ಆ ನ್ಯಾಯಾಧೀಶರನ್ನೇ ಊಟಕ್ಕೆ ಕರೆದು, ಊಟವಾದ ಮೇಲೆ ಒಂದೊಂದರ ಕಾರಣವನ್ನೂ ವಿವರಿಸಿದರು. ತಾವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆವೆಂದು ಅವರು ಒಪ್ಪಬೇಕಾಯಿತು. ಆಗ ಮೋರರು, ಕಾನೂನಿನ ಕಾಠಿಣ್ಯವನ್ನು ನೀವೇ ನಿಮ್ಮ ವಿವೇಚನೆಯಿಂದ ಸಡಿಲಿಸುವುದಾದರೆ ನಾನು ಇನ್ನು ಮುಂದೆ ತಡೆಯಾಜ್ಞೆ ಕೊಡುವುದೇ ಇಲ್ಲ ಎಂದು ಸೂಚಿಸಿದರು. ಅವರು ಒಪ್ಪಲಿಲ್ಲ. ಹೊಣೆಯನ್ನೆಲ್ಲ ಜೂರಿಯವರ ತಲೆಗೆ ಕಟ್ಟಿ ತಾವು ಕೈತೊಳೆದುಕೊಳ್ಳುವುದು ಅವರಿಗೆ ಹೆಚ್ಚು ಸುಖಕರವಾಗಿದೆ ಎಂದು ಮೋರರು ಆಮೇಲೆ ಮನೆಯಲ್ಲಿ ಹೇಳಿದರಂತೆ. ಇಂದಿನ ಕಚೇರಿಗಳಲ್ಲಿ ಕಡತಗಳು ಮೇಜಿನಿಂದ ಮೇಜಿಗೆ ಸಾಗುವುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ.

ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ತಮ್ಮ ಪೀಠಕ್ಕೆ ಹೋಗುವ ದಾರಿಯಲ್ಲಿ, ಮುದಿಯಾಗಿದ್ದ ತಂದೆ ಇನ್ನೊಂದು ನ್ಯಾಯಪೀಠದಲ್ಲಿ ಕುಳಿತಿದ್ದರೆ, ಈ ಲಾರ್ಡ್ ಚಾನ್ಸಲರರು ಎಲ್ಲರ ಮುಂದೆ ಮಂಡಿಯೂರಿ ಅವರ ಆಶೀರ್ವಾದ ಬೇಡುತ್ತಿದ್ದರು. ಭಾನುವಾರಗಳಲ್ಲಿ ಚೆಲ್ಸಿಯ ಧರ್ಮಕೇಂದ್ರದ ಗಾಯನವೃಂದದಲ್ಲಿ ಬಿಳಿಯ ಮೇಲಂಗಿ ತೊಟ್ಟು ಹಾಡುತ್ತಿದ್ದರು. ಒಮ್ಮೆ ನಾರ್ಫೋಕಿನ ಡ್ಯೂಕ್ ಊಟಕ್ಕೆಂದು ಬಂದವರು ಇದನ್ನು ಕಂಡು, ರಾಜ್ಯದ ಚಾನ್ಸಲರ್ ಹಳ್ಳಿಯ ದೇವಾಲಯದ ಊಳಿಗದವನಂತೆ ನಿಂತರೆ ಅರಸನಿಗೆ ಅಗೌರವವಾಗದೇ ಎಂದು ಆಕ್ಷೇಪಿಸಿದರು. ತನ್ನ ಅರಸ ದೇವರಿಗೆ ಮಾಡುವ ಸೇವೆಯನ್ನು ಅಗೌರವವೆಂದು ಭಾವಿಸುವವನಲ್ಲವೆಂದು ಮೋರರು ನಕ್ಕು ಉತ್ತರಿಸಿದರು. ನಮ್ಮ ಗಾಯನವೃಂದಕ್ಕೆ ಗಂಡಸರು ಸಾಲದೆ ಕಷ್ಟಪಡುತ್ತಿರುವ ನಾನು ಈ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾರದಾದೆ.

ಸಂತರ ಚರಿತ್ರೆ ಬರೆಯುವವರು ಮುಚ್ಚಿಡುವ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಮೋರರು ಚಾನ್ಸಲರರಾಗಿದ್ದ ಅವಧಿಯಲ್ಲಿ ಧರ್ಮಸಭೆಯ ಬೋಧನೆಗೆ ವಿರುದ್ಧರೆಂದು ತೀರ್ಮಾನಿತರಾದ ಆರು ಮಂದಿಯನ್ನು ಇಂಗ್ಲೆಂಡಿನಲ್ಲಿ ಜೀವಸಹಿತ ಸುಟ್ಟರು. ಅವರಲ್ಲಿ ಕೆಲವರನ್ನು ಹಿಡಿಸುವುದರಲ್ಲಿ ಮೋರರ ಕೈಯೂ ಇತ್ತು. ಅವರು ಕೈದಿಗಳನ್ನು ತಮ್ಮ ತೋಟದ ಮರಕ್ಕೆ ಕಟ್ಟಿ ಹೊಡೆಸಿದರೆಂಬ ಅಪವಾದವನ್ನು ಅವರೇ ಖಡಾಖಂಡಿತವಾಗಿ ಅಲ್ಲಗಳೆದಿದ್ದಾರೆ. ಆದರೆ ಸುಡುವ ಕಾನೂನು ನ್ಯಾಯವೆಂದೇ ಅವರು ನಂಬಿದ್ದರು. ತನ್ನ ಮನಸ್ಸಾಕ್ಷಿಗಾಗಿ ತಲೆಯನ್ನೇ ಕೊಟ್ಟ ವ್ಯಕ್ತಿ ಇತರರ ಮನಸ್ಸಾಕ್ಷಿಗೆ ಆ ಗೌರವವನ್ನು ಸಲ್ಲಿಸಲಾರದೆ ಹೋದದ್ದು ದುಃಖದ ವಿಷಯ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯ ಬೆಳಕಿನಲ್ಲಿ ಅದನ್ನು ನಾವು ಸಮರ್ಥಿಸುವಂತಿಲ್ಲ. 2000ದಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಮೋರರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದಾಗಲೂ, ಈ ವಿಷಯದಲ್ಲಿ ಅವರು ತಮ್ಮ ಕಾಲದ ಸಂಸ್ಕೃತಿಯ ಮಿತಿಗೆ ಒಳಪಟ್ಟಿದ್ದರೆಂಬುದನ್ನು ಒಪ್ಪಿಕೊಂಡೇ ಸಾರಿದರು.

ಇನ್ನು ಅರಸನ ವಿವಾಹದ ವಿಷಯ. ಹೆನ್ರಿಯು 1509ರಲ್ಲಿ ತನ್ನ ಅಣ್ಣನ ವಿಧವೆಯಾದ ಕ್ಯಾಥರೀನಳನ್ನು ಜಗದ್ಗುರುಗಳ ವಿಶೇಷ ಅನುಮತಿಯಿಂದ ಮದುವೆಯಾಗಿದ್ದನು. ಬದುಕುಳಿದದ್ದು ಒಬ್ಬಳೇ ಮಗಳು, ಮೇರಿ. ಗಂಡು ಸಂತಾನದ ಹಂಬಲವೂ ಆ್ಯನ್ ಬೊಲಿನ್ ಎಂಬ ತರುಣಿಯ ಮೇಲಿನ ಮೋಹವೂ ಸೇರಿ, ಆ ಮದುವೆ ಮೊದಲಿನಿಂದಲೂ ಅಸಿಂಧುವೆಂದು ಘೋಷಿಸಬೇಕೆಂದು ಅವನು ರೋಮನ್ನು ಒತ್ತಾಯಿಸಿದನು. ರೋಮ್ ಒಪ್ಪಲಿಲ್ಲ. ಚಾನ್ಸಲರ್ ಪದವಿ ಕೊಡುವಾಗಲೇ ಅರಸನು ಮೋರರ ಅಭಿಪ್ರಾಯ ಕೇಳಿದ್ದನು. ತಾವು ಎಷ್ಟು ಓದಿ ಯೋಚಿಸಿದರೂ ಮದುವೆ ಸಿಂಧುವೆಂದೇ ಕಾಣುತ್ತದೆ ಎಂದು ಮೋರರು ಮಂಡಿಯೂರಿ ತಿಳಿಸಿದಾಗ, ಆ ವಿಷಯದಲ್ಲಿ ಅವರ ಮನಸ್ಸಾಕ್ಷಿಯನ್ನು ಕೆಣಕುವುದಿಲ್ಲವೆಂದು ಅರಸ ಮಾತುಕೊಟ್ಟಿದ್ದನು.

ಆ ಮಾತಿನ ಆಧಾರದ ಮೇಲೆ ಅವರು ಎರಡೂವರೆ ವರ್ಷ ಅಧಿಕಾರ ನಡೆಸಿದರು. ಈ ಅವಧಿಯೇ ನನಗೆ ಅತ್ಯಂತ ವಿಚಾರಯೋಗ್ಯವೆನಿಸುತ್ತದೆ. 1531ರ ಮಾರ್ಚಿನಲ್ಲಿ, ಅರಸನ ಪರವಾಗಿ ಯೂರೋಪಿನ ವಿಶ್ವವಿದ್ಯಾನಿಲಯಗಳಿಂದ ಸಂಗ್ರಹಿಸಿದ್ದ ಅಭಿಪ್ರಾಯಗಳನ್ನು ಪಾರ್ಲಿಮೆಂಟಿನ ಮುಂದಿಡುವ ಕರ್ತವ್ಯ ಚಾನ್ಸಲರರ ಪಾಲಿಗೆ ಬಂತು. ಮೋರರು ಅದನ್ನು ನೆರವೇರಿಸಿದರು. ಅವರ ಸ್ವಂತ ಅಭಿಪ್ರಾಯವೇನೆಂದು ಸಭೆಯಲ್ಲಿ ಕೇಳಿದಾಗ, ಅದನ್ನು ಅರಸನಿಗೆ ಅನೇಕ ಸಲ ತಿಳಿಸಿದ್ದೇನೆಂದು ಮಾತ್ರ ಹೇಳಿ ಕುಳಿತರು. ಇದು ಹೇಡಿತನವಲ್ಲವೇ ಎಂದು ಕೆಲವರು ಕೇಳಬಹುದು. ಗುರುಮಠದಲ್ಲಿ ನಾವು ನೀತಿಶಾಸ್ತ್ರ ಓದುತ್ತಿದ್ದಾಗ, ಇನ್ನೊಬ್ಬರ ಕೆಡುಕಿನಲ್ಲಿ ನಮ್ಮ ಪಾಲೆಷ್ಟು ಎಂಬ ಅಧ್ಯಾಯ ಬಹಳ ನೀರಸವೆಂದು ತೋರುತ್ತಿತ್ತು: ಕೆಡುಕನ್ನು ಮನಸಾರೆ ಒಪ್ಪಿ ಕೈಜೋಡಿಸುವುದು ಬೇರೆ, ಒಪ್ಪದೆಯೇ, ತನ್ನ ಕರ್ತವ್ಯದ ಕೆಲಸವೊಂದರಿಂದ ಅದಕ್ಕೆ ದೂರದ ಸಹಾಯವಾಗುವುದು ಬೇರೆ. ಆ ನೀರಸ ಅಧ್ಯಾಯದ ಜೀವಂತ ಉದಾಹರಣೆ ಇಲ್ಲಿದೆ. ಇತರರ ಅಭಿಪ್ರಾಯವನ್ನು ಓದಿ ಹೇಳುವುದು ಸುಳ್ಳಲ್ಲ. ಅದು ತನ್ನದೂ ಹೌದೆನ್ನುವುದು ಸುಳ್ಳು. ಆ ಗೆರೆಯ ಈಚೆಗೆ ಅವರು ನಿಂತರು. ಅಂದು ಮನೆಗೆ ಹೋದ ಮೇಲೆ ಅವರಿಗೆ ನಿದ್ದೆ ಬಂದಿತೋ ಇಲ್ಲವೋ, ಬಲ್ಲವರಾರು?

ಆದರೆ ಗೆರೆ ಸರಿಯುತ್ತಲೇ ಬಂತು. 1532ರ ಮೇ 15ರಂದು, ಅರಸನ ಅನುಮತಿಯಿಲ್ಲದೆ ಧರ್ಮಸಭೆಯ ಯಾವ ನಿಯಮವನ್ನೂ ಮಾಡುವುದಿಲ್ಲವೆಂದು ಇಂಗ್ಲೆಂಡಿನ ಧರ್ಮಾಧ್ಯಕ್ಷರು ಶರಣಾಗತರಾದರು. ಮರುದಿನವೇ ಮೋರರು ಅನಾರೋಗ್ಯದ ಕಾರಣವೊಡ್ಡಿ ರಾಜಮುದ್ರೆಯನ್ನು ಅರಸನಿಗೆ ಒಪ್ಪಿಸಿದರು. ಭಾಷಣವಿಲ್ಲ, ಪ್ರತಿಭಟನೆಯಿಲ್ಲ. ವರಮಾನ ವರ್ಷಕ್ಕೆ ನೂರು ಪೌಂಡಿನ ಆಸುಪಾಸಿಗೆ ಇಳಿಯಿತು. ಮಕ್ಕಳನ್ನೂ ಅಳಿಯಂದಿರನ್ನೂ ಕೂಡಿಸಿ, ತಾವು ಆಕ್ಸ್‌ಫರ್ಡಿನಲ್ಲಿ ಉಂಡ ಬಡ ಊಟದಿಂದ ಹಂತಹಂತವಾಗಿ ಮೇಲೇರಿದ ಬಗೆಯನ್ನು ನೆನಪಿಸಿ, ಈಗ ಅದೇ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯೋಣ ಎಂದರು. ಆಳುಗಳಿಗೆ ಬೇರೆ ಒಡೆಯರ ಬಳಿ ಕೆಲಸ ಕೊಡಿಸಿದರು. ಚಳಿಗಾಲದಲ್ಲಿ ಸೌದೆಗೆ ಹಣವಿಲ್ಲದೆ ಒಣಗಿದ ಜರೀಗಿಡದ ಕಟ್ಟನ್ನು ಉರಿಸಿ ಮನೆಮಂದಿಯೆಲ್ಲ ಮೈ ಕಾಯಿಸಿಕೊಂಡು ಮಲಗುತ್ತಿದ್ದರಂತೆ. ಧರ್ಮಸಭೆಯ ಪರವಾಗಿ ಅವರು ಬರೆದ ಗ್ರಂಥಗಳಿಗೆ ಪ್ರತಿಯಾಗಿ ಧರ್ಮಾಧ್ಯಕ್ಷರು ನಾಲ್ಕೈದು ಸಾವಿರ ಪೌಂಡು ಕೂಡಿಸಿ ತಂದಾಗ, ಒಂದು ಕಾಸನ್ನೂ ಮುಟ್ಟಲಿಲ್ಲ.

ಅಧಿಕಾರದಿಂದ ಇಳಿದವನ ಹಳೆಯ ಲೆಕ್ಕಗಳನ್ನು ಕೆದಕುವುದು ಎಲ್ಲ ಕಾಲದ ಪದ್ಧತಿ. ಮೋರರು ಲಂಚ ತಿಂದರೆಂಬ ದೂರುಗಳು ಅರಸನ ಸಭೆಗೆ ಬಂದವು. ದಾವೆಯೊಂದರಲ್ಲಿ ಗೆದ್ದವನ ಹೆಂಡತಿ ಚಿನ್ನದ ನೀರು ಕೊಟ್ಟ ಬೆಳ್ಳಿಯ ಬಟ್ಟಲೊಂದನ್ನು ತಂದುಕೊಟ್ಟಿದ್ದು ನಿಜವೇ ಎಂದು ಕೇಳಿದರು. ನಿಜವೆಂದು ಮೋರರು ಒಪ್ಪಿದಾಗ ವಿರೋಧಿಗಳಿಗೆ ಆನಂದ. ಪೂರ್ತಿ ಕೇಳಿದ ಮೇಲೆ ತಿಳಿದದ್ದೇನೆಂದರೆ, ಅದರಲ್ಲಿ ದ್ರಾಕ್ಷಾರಸ ತುಂಬಿಸಿ, ಆಕೆಯ ಕ್ಷೇಮಕ್ಕಾಗಿ ಕುಡಿದು, ಆಕೆಯೂ ಕುಡಿದ ಮೇಲೆ, ಹೊಸ ವರ್ಷದ ಉಡುಗೊರೆಯಾಗಿ ಬಟ್ಟಲನ್ನು ಆಕೆಗೇ ಹಿಂದಿರುಗಿಸಿದ್ದರು. ಇನ್ನೊಬ್ಬ ವಿಧವೆ ಕೈಗವಸುಗಳಲ್ಲಿ ನಲವತ್ತು ಪೌಂಡಿನ ಚಿನ್ನದ ನಾಣ್ಯ ತುಂಬಿ ತಂದಿದ್ದಳು. ಕೈಗವಸನ್ನು ಇಟ್ಟುಕೊಂಡು ನಾಣ್ಯವನ್ನು ಸುರಿದು ಕೊಟ್ಟರು. ಮತ್ತೊಬ್ಬನ ಬಟ್ಟಲಿನ ಕೆತ್ತನೆ ಅವರಿಗೆ ಮೆಚ್ಚುಗೆಯಾದಾಗ, ಅದಕ್ಕಿಂತ ಹೆಚ್ಚು ಬೆಲೆಯ ತಮ್ಮ ಬಟ್ಟಲನ್ನು ಬದಲಿಗೆ ಕೊಟ್ಟರು. ತಂದವರ ಮುಖಕ್ಕೆ ಹೊಡೆದಂತೆ ಅವರು ಯಾರನ್ನೂ ಕಳುಹಿಸಲಿಲ್ಲ ಎಂಬುದನ್ನು ಗಮನಿಸಬೇಕು. ಕೃತಜ್ಞತೆಯನ್ನು ಸ್ವೀಕರಿಸಿದರು, ಅದರ ಬೆಲೆಯನ್ನು ಹಿಂದಿರುಗಿಸಿದರು. ಹತ್ತಾರು ವರ್ಷ ಇಂಥ ಚಿಕ್ಕ ಚಿಕ್ಕ ಸಂದರ್ಭಗಳಲ್ಲಿ ಅವರ ಕೈ ಪಳಗಿತ್ತು. ಆದ್ದರಿಂದಲೇ ಹಿಡಿಯಬೇಕೆಂದು ಹೊರಟ ಅರಸನ ಮಂತ್ರಿಗಳಿಗೆ ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ.

1533ರಲ್ಲಿ ಹೆನ್ರಿ ಆ್ಯನಳನ್ನು ಮದುವೆಯಾದನು. ಪಟ್ಟಾಭಿಷೇಕಕ್ಕೆ ಮೋರರು ಹೋಗಲಿಲ್ಲ. 1534ರ ವಸಂತದಲ್ಲಿ ಉತ್ತರಾಧಿಕಾರದ ಶಾಸನ ಬಂತು: ಆ್ಯನಳ ಮಕ್ಕಳೇ ಸಿಂಹಾಸನಕ್ಕೆ ಹಕ್ಕುದಾರರೆಂದು ಪ್ರಜೆಗಳೆಲ್ಲ ಪ್ರಮಾಣ ಮಾಡಬೇಕು. ಏಪ್ರಿಲ್ 13ರಂದು ಮೋರರನ್ನು ಲ್ಯಾಂಬೆತ್ ಅರಮನೆಗೆ ಕರೆಸಿದರು. ಬಾಲ್ಯದಲ್ಲಿ ಅವರು ಊಳಿಗ ಮಾಡಿದ್ದ ಅದೇ ಮನೆ! ಅವರು ಶಾಸನವನ್ನೂ ಪ್ರಮಾಣದ ಪತ್ರವನ್ನೂ ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ಓದಿದರು. ಯಾರು ರಾಜ್ಯವಾಳಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಪಾರ್ಲಿಮೆಂಟಿಗೆ ಉಂಟು, ಅಷ್ಟಕ್ಕೆ ಪ್ರಮಾಣ ಮಾಡಲು ಸಿದ್ಧ. ಆದರೆ ಮೊದಲ ವಿವಾಹವನ್ನೂ ಜಗದ್ಗುರುಗಳ ಅಧಿಕಾರವನ್ನೂ ತಳ್ಳಿಹಾಕುವ ಈ ಪ್ರಮಾಣವನ್ನು ಸ್ವೀಕರಿಸಲಾರೆ ಎಂದರು. ಕಾರಣ ಹೇಳಲಿಲ್ಲ. ಪ್ರಮಾಣ ಮಾಡಿದವರನ್ನು ಖಂಡಿಸಲೂ ಇಲ್ಲ. ಅಂದು ಕಿಟಕಿಯ ಬಳಿ ಕುಳಿತಿದ್ದ ಅವರಿಗೆ, ಲಂಡನ್ನಿನ ಗುರುಗಳು ಒಬ್ಬರ ಹಿಂದೊಬ್ಬರು ಪ್ರಮಾಣಕ್ಕೆ ಬರುತ್ತಿದ್ದುದು ಕಾಣುತ್ತಿತ್ತು. ಗುರುವಾಗಿರುವ ನನಗೆ ಈ ದೃಶ್ಯವನ್ನು ಬರೆಯುವುದು ಸುಲಭವಲ್ಲ. ಧರ್ಮಾಧ್ಯಕ್ಷರಲ್ಲಿ ರಾಚೆಸ್ಟರಿನ ಜಾನ್ ಫಿಷರ್ ಒಬ್ಬರೇ ನಿರಾಕರಿಸಿದರು. ಏಪ್ರಿಲ್ 17ರಂದು ಮೋರರು ಲಂಡನ್ ಟವರ್ ಸೆರೆಮನೆ ಸೇರಿದರು.

ಅವರು ಸಾವನ್ನು ಹುಡುಕಿಕೊಂಡು ಹೋದವರಲ್ಲ. ತಮಗೆ ಅಂಥ ಧೈರ್ಯವಿದೆಯೆಂಬ ಭರವಸೆ ತಮಗಿಲ್ಲವೆಂದೇ ಮಗಳಿಗೆ ತಿಳಿಸಿದ್ದರು. ವಕೀಲರಾದ ಅವರಿಗೆ ಕಾನೂನಿನ ಒಳದಾರಿಗಳೆಲ್ಲ ಗೊತ್ತಿದ್ದವು. ಪ್ರಮಾಣ ಮಾಡದಿರುವುದಕ್ಕೆ ಸೆರೆಯುಂಟು, ಆಸ್ತಿ ಹೋಗುವುದುಂಟು, ಮರಣದಂಡನೆಯಿಲ್ಲ. ಅದೇ ವರ್ಷದ ಕೊನೆಯಲ್ಲಿ ಅರಸನೇ ಇಂಗ್ಲೆಂಡಿನ ಧರ್ಮಸಭೆಯ ಶಿರಸ್ಸು ಎಂಬ ಶಾಸನವೂ, ಆ ಪದವಿಯನ್ನು ದುರುದ್ದೇಶದಿಂದ ನಿರಾಕರಿಸುವುದು ರಾಜದ್ರೋಹವೆಂಬ ಶಾಸನವೂ ಬಂದವು. ಮೌನವಾಗಿದ್ದವನು ನಿರಾಕರಿಸಿದಂತಾಗುವುದಿಲ್ಲ. ಆದ್ದರಿಂದ ಅವರು ಬಾಯಿ ಬಿಡಲಿಲ್ಲ. ಹೆಂಡತಿಗೂ ಮಗಳಿಗೂ ಕಾರಣವನ್ನು ಬಿಚ್ಚಿ ಹೇಳಲಿಲ್ಲ. ಹೇಳಿದ್ದರೆ ಅವರನ್ನೂ ಸಾಕ್ಷಿಗೆ ಎಳೆಯುತ್ತಿದ್ದರು.

ಸೆರೆಯ ಹದಿನಾಲ್ಕು ತಿಂಗಳ ನಿಜವಾದ ಯಾತನೆ ಚಳಿಯದಲ್ಲ, ಎದೆನೋವಿನದಲ್ಲ, ಮನೆಯವರದು. ಮಾರ್ಗರೆಟಳು ದೇವರ ನಿಯಮ ಒಪ್ಪುವಷ್ಟರ ಮಟ್ಟಿಗೆ ಎಂಬ ಮಾತು ಸೇರಿಸಿ ತಾನೇ ಪ್ರಮಾಣ ಮಾಡಿದ್ದಳು. ತಂದೆಯೂ ಹಾಗೆ ಮಾಡಿ ಮನೆಗೆ ಬರಲಿ ಎಂದು ಅತ್ತು ಬೇಡಿದಳು. ತಂದೆ ಆಕೆಯನ್ನು ಆಕ್ಷೇಪಿಸಲಿಲ್ಲ, ಮಣಿಯಲೂ ಇಲ್ಲ. ನೇರ ನುಡಿಯ ಆಲಿಸ್ ಬಂದು, ಒಳ್ಳೆಯ ಮನೆ, ಗ್ರಂಥಾಲಯ, ತೋಟ ಎಲ್ಲ ಬಿಟ್ಟು ಇಲಿಗಳ ನಡುವೆ ಬಿದ್ದಿರುವುದು ಯಾವ ಬುದ್ಧಿವಂತಿಕೆ ಎಂದು ಬೈದಳು. ಚರಿತ್ರಕಾರರು ಆಕೆಯನ್ನು ಜಗಳಗಂಟಿ ಎಂದು ಚಿತ್ರಿಸುವುದುಂಟು. ಆದರೆ ಗಂಡನ ಮತ್ತು ಅವನ ಆಳಿನ ಊಟಕ್ಕೆಂದು ವಾರಕ್ಕೆ ಹದಿನೈದು ಷಿಲ್ಲಿಂಗ್ ತೆರಲು ತನ್ನ ಬಟ್ಟೆಬರೆಗಳನ್ನು ಮಾರಿದವಳು ಆಕೆಯೇ. ಆಕೆಯ ಸಿಟ್ಟಿಗೆ ಕಾರಣವಿತ್ತು.

1535ರ ಮೇ 4ರಂದು, ಯೌವನದಲ್ಲಿ ತಾವು ಯಾರೊಡನೆ ಪ್ರಾರ್ಥಿಸಿದ್ದರೋ ಆ ಕಾರ್ತೂಸಿಯನ್ ಸಭೆಯ ಸನ್ಯಾಸಿಗಳನ್ನು ವಧೆಗೆ ಕರೆದೊಯ್ಯುವುದನ್ನು ಕಿಟಕಿಯಿಂದ ಮಗಳೊಡನೆ ನೋಡಿದರು. ಜೂನ್ 12ರಂದು ಸರ್ಕಾರಿ ವಕೀಲ ರಿಚರ್ಡ್ ರಿಚ್ ಎಂಬಾತನು ಅವರ ಪುಸ್ತಕಗಳನ್ನು ಕೊಂಡೊಯ್ಯಲು ಬಂದನು. ಇಬ್ಬರೂ ಹಿಂದೆ ಒಂದೇ ಧರ್ಮಕೇಂದ್ರದಲ್ಲಿ ವಾಸವಾಗಿದ್ದವರು. ಪುಸ್ತಕಗಳನ್ನು ಕಟ್ಟುವಾಗ ಇಬ್ಬರಿಗೂ ಏನೋ ಮಾತುಕತೆ ನಡೆಯಿತು. ಜೂನ್ 22ರಂದು ಫಿಷರರ ಶಿರಚ್ಛೇದವಾಯಿತು. ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ, ತಾವೇ ನ್ಯಾಯ ನೀಡುತ್ತಿದ್ದ ಸ್ಥಳದಲ್ಲಿ, ಮೋರರು ಕೈದಿಯಾಗಿ ನಿಂತರು. ವಿಚಾರಣೆಗೆ ಕುಳಿತವರಲ್ಲಿ ಆ್ಯನಳ ತಂದೆ, ಸಹೋದರ, ಸೋದರಮಾವ ಮೂವರೂ ಇದ್ದರು. ಅಂದು ಮಾತುಕತೆಯಲ್ಲಿ ಮೋರರು ಅರಸನ ಪದವಿಯನ್ನು ನಿರಾಕರಿಸಿದರೆಂದು ರಿಚ್ ಪ್ರಮಾಣ ಮಾಡಿ ಸಾಕ್ಷಿ ನುಡಿದನು. ಇಷ್ಟು ಕಾಲ ಅರಸನಿಗೂ ತಿಳಿಸದ ಗುಟ್ಟನ್ನು ಇಂಥ ವ್ಯಕ್ತಿಯ ಮುಂದೆ ಬಿಚ್ಚುವೆನೇ ಎಂದು ಮೋರರು ಕೇಳಿದರು. ಅಂದು ಅದೇ ಕೋಣೆಯಲ್ಲಿದ್ದ ಇನ್ನಿಬ್ಬರು, ಪುಸ್ತಕ ಕಟ್ಟುವ ಗಡಿಬಿಡಿಯಲ್ಲಿ ತಮಗೆ ಏನೂ ಕೇಳಿಸಲಿಲ್ಲವೆಂದರು. ಸುಳ್ಳನ್ನು ಬೆಂಬಲಿಸಲು ಅವರಿಗೆ ಮನಸ್ಸಿರಲಿಲ್ಲ, ನಿಜ ನುಡಿಯಲು ಧೈರ್ಯವಿರಲಿಲ್ಲ. ಈ ಇಬ್ಬರ ಬಗ್ಗೆ ನಾನು ರಿಚ್‌ನಿಗಿಂತ ಹೆಚ್ಚಾಗಿ ಯೋಚಿಸಿದ್ದೇನೆ. ಜೂರಿಯವರು ಹದಿನೈದು ನಿಮಿಷಗಳಲ್ಲಿ ಅಪರಾಧಿಯೆಂದು ತೀರ್ಮಾನಿಸಿದರು.

ತೀರ್ಪಾದ ಮೇಲೆ ಮೌನಕ್ಕೆ ಅರ್ಥವಿರಲಿಲ್ಲ. ಆಗ ಮಾತ್ರ ಅವರು ಬಾಯಿಬಿಟ್ಟು, ಇಡೀ ಧರ್ಮಸಭೆಯ ನಿಯಮಕ್ಕೆ ವಿರುದ್ಧವಾಗಿ ಒಂದು ರಾಜ್ಯದ ಪಾರ್ಲಿಮೆಂಟು ಶಾಸನ ಮಾಡಲಾರದು ಎಂಬ ತಮ್ಮ ನಿಲುವನ್ನು ವಿವರಿಸಿದರು. ಬಳಿಕ, ಸಂತ ಸ್ತೇಫನರ ವಧೆಗೆ ಸಮ್ಮತಿಸಿದ್ದ ಸಂತ ಪೌಲರು ಇಂದು ಸ್ವರ್ಗದಲ್ಲಿ ಅವರೊಡನೆ ಸ್ನೇಹದಿಂದಿರುವಂತೆ, ತಾವೂ ನ್ಯಾಯಾಧೀಶರೂ ಅಲ್ಲಿ ಸಂತೋಷದಿಂದ ಕೂಡಲಿ ಎಂದು ಹಾರೈಸಿದರು. ಟವರಿಗೆ ಹಿಂದಿರುಗುವಾಗ ಮಾರ್ಗರೆಟಳು ಕಾವಲುಗಾರರ ಈಟಿಗಳ ನಡುವೆ ನುಗ್ಗಿ ತಂದೆಯನ್ನು ತಬ್ಬಿಕೊಂಡಳು. ಬಿಟ್ಟು ಹೋದವಳು ಮತ್ತೆ ಓಡಿಬಂದು ತಬ್ಬಿದಳು. ಜುಲೈ 5ರಂದು ಒಳ ಅಂಗಿಯನ್ನು ಆಕೆಗೆ ಕಳುಹಿಸಿದರು, ಇದ್ದಲಿನಿಂದ ಕೊನೆಯ ಪತ್ರ ಬರೆದರು. 6ರ ಬೆಳಿಗ್ಗೆ ಟವರ್ ಗುಡ್ಡದ ಮೇಲೆ ಶಿರಚ್ಛೇದವಾಯಿತು. ವಧಾಸ್ಥಾನದ ಮೆಟ್ಟಿಲೇರುವಾಗಲೂ, ಬಾಲ್ಯದ ನಾಟಕಗಳಲ್ಲಿದ್ದಂತೆ, ಅವರ ಹಾಸ್ಯ ಅವರನ್ನು ಬಿಟ್ಟಿರಲಿಲ್ಲ.

ರಿಚ್ ಬಹುಕಾಲ ಬಾಳಿದನು. 1547ರಲ್ಲಿ ಅವನೇ ಲಾರ್ಡ್ ಚಾನ್ಸಲರ್ ಆದನು. ಮೋರರನ್ನು ವಿಚಾರಣೆಗೆ ಗುರಿಪಡಿಸಿದ ಮಂತ್ರಿ ಕ್ರಾಮ್‌ವೆಲ್ಲನ ತಲೆಯನ್ನು 1540ರಲ್ಲಿ ಅದೇ ಗುಡ್ಡದ ಮೇಲೆ ಅದೇ ಅರಸನು ತೆಗೆಸಿದನು. ಧರ್ಮಸಭೆ ಮೋರರನ್ನು 1886ರಲ್ಲಿ ಧನ್ಯರ ಸಾಲಿಗೂ, 1935ರ ಮೇ 19ರಂದು ಫಿಷರರೊಡನೆ ಸಂತರ ಸಾಲಿಗೂ ಸೇರಿಸಿತು. ಇಬ್ಬರ ಹಬ್ಬವನ್ನೂ ಜೂನ್ 22ರಂದು ಆಚರಿಸುತ್ತೇವೆ.

ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಸಿಕ್ಕಿಸಿದ್ದ ತಂದೆಯ ತಲೆಯನ್ನು ಮಾರ್ಗರೆಟಳು ಹೇಗೋ ಪಡೆದುಕೊಂಡು ಕಾಪಾಡಿದಳು. ಅದು ಕ್ಯಾಂಟರ್‌ಬರಿಯ ಸಂತ ಡನ್‌ಸ್ಟನ್ನರ ದೇವಾಲಯದಲ್ಲಿ ರೋಪರ್ ಮನೆತನದ ಸಮಾಧಿಯಲ್ಲಿದೆ. ದೇಹ ಟವರಿನೊಳಗಿನ ಸಂತ ಪೇತ್ರರ ಗುಡಿಯಲ್ಲಿದೆ. ಚೆಲ್ಸಿಯಲ್ಲಿ ತಾವು ಹಾಡುತ್ತಿದ್ದ ದೇವಾಲಯದಲ್ಲಿ ಅವರು ತಮಗಾಗಿ ಸಮಾಧಿಯೊಂದನ್ನು ಕಟ್ಟಿಸಿ, ಅದರ ಮೇಲೆ ಕೆತ್ತಿಸಲು ಬರಹವನ್ನೂ ತಾವೇ ಬರೆದಿದ್ದರು. 1941ರ ಏಪ್ರಿಲಿನಲ್ಲಿ ಆ ದೇವಾಲಯದ ಮೇಲೆ ಬಾಂಬು ಬಿದ್ದು ಹೆಚ್ಚಿನ ಭಾಗ ನೆಲಸಮವಾಯಿತು. ಮೋರರು 1528ರಲ್ಲಿ ತಮ್ಮ ಮನೆಯವರ ಪ್ರಾರ್ಥನೆಗೆಂದು ಕಟ್ಟಿಸಿಕೊಂಡಿದ್ದ ಪಕ್ಕದ ಗುಡಿ ಮಾತ್ರ ಉಳಿಯಿತು. ಉಳಿದುದನ್ನೆಲ್ಲ ಮತ್ತೆ ಕಟ್ಟಿದ್ದಾರೆ. ಅಲ್ಲಿ ಇಂದು ಆಂಗ್ಲಿಕನ್ ಸಭೆಯವರು ಭಾನುವಾರದ ಆರಾಧನೆ ನಡೆಸುತ್ತಾರೆ.